ಮಾಗಡಿಯ ಮಾವಿಗೆ ಆಲಿವ್ ತೋಟದಿಂದ ಏನು ತರಬಹುದು?

ಪ್ರಶ್ನೆ: ನಾವಿರುವುದು ಬೆಂಗಳೂರಿನ ವಿಜಯನಗರದಲ್ಲಿ. ಮಾಗಡಿ ತಾಲ್ಲೂಕಿನಲ್ಲಿ 6 ಎಕರೆ ಪಿತ್ರಾರ್ಜಿತ ಜಮೀನಿದೆ. 4 ಎಕರೆಯಲ್ಲಿ 25 ವರ್ಷದ ಬಾದಾಮಿ ಮತ್ತು ತೋತಾಪುರಿ ಮಾವು, 2 ಎಕರೆ ಬೀಳು. ಈಚಿನ ವರ್ಷಗಳಲ್ಲಿ ಹೂವು ಹೊತ್ತುಗೊತ್ತಿಲ್ಲದೆ ಬರುತ್ತಿದೆ, ಫಸಲು ಏರುಪೇರು. ‘ಆಲಿವ್ ಬರ ತಡೆಯುವ ಮರ, ಬೀಳಿನಲ್ಲಿ ಹಾಕಿಬಿಡಿ’ ಎಂದು ನರ್ಸರಿಯವರೊಬ್ಬರು ಹೇಳುತ್ತಿದ್ದಾರೆ. ಹಾಕಬಹುದೇ? ಆಲಿವ್ ಬೆಳೆಯುವ ದೇಶಗಳ ರೈತರು ಹವಾಮಾನ ಬದಲಾವಣೆಯನ್ನು ಹೇಗೆ ನೋಡುತ್ತಾರೆ, ಏನು ಮಾಡಿಕೊಂಡಿದ್ದಾರೆ? ನಮ್ಮೂರಿನ 20 ಮಂದಿ ಮಾವು ಬೆಳೆಗಾರರ ಗುಂಪಿನಲ್ಲಿ ಈ ಮಾತು ಎತ್ತಿದರೆ ಯಾರೂ ಕಿವಿಗೊಡುತ್ತಿಲ್ಲ.

ಉತ್ತರ: ಮೊದಲು ಸಸಿಯ ವಿಚಾರ ಮುಗಿಸೋಣ. ಹಾಕಬೇಡಿ.

ಆಲಿವ್ ಬರ ತಡೆಯುತ್ತದೆ ಎಂಬುದು ನಿಜ. ಆದರೆ ಆ ಮರಕ್ಕೆ ಚಳಿಯೂ ಬೇಕು. ಮೊಗ್ಗು ಕಟ್ಟಬೇಕಾದರೆ ಚಳಿಗಾಲದಲ್ಲಿ ರಾತ್ರಿಯ ಉಷ್ಣಾಂಶ ವಾರಗಟ್ಟಲೆ ಸುಮಾರು 10 ಡಿಗ್ರಿಗಿಂತ ಕೆಳಗಿರಬೇಕು. ಬೆಂಗಳೂರು ಸೀಮೆಯಲ್ಲಿ ಜನವರಿಯ ರಾತ್ರಿಗಳು ಸರಾಸರಿ 15-16 ಡಿಗ್ರಿ. ನಗರದ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ, ಒಂದು ದಿನದ ಮಾತು. ಇಲ್ಲಿ ಹಾಕಿದ ಆಲಿವ್ ಚೆನ್ನಾಗಿ ಚಿಗುರುತ್ತದೆ, ಎಲೆ ಮಿರುಗುತ್ತದೆ, ನೋಡಲು ಚೆಂದ. ಹೂವು ಮಾತ್ರ ಬರುವುದಿಲ್ಲ, ಬಂದರೂ ಲೆಕ್ಕಕ್ಕೆ ಸಿಗುವಷ್ಟಲ್ಲ. ಆರ್ಬೆಕ್ವಿನಾ, ಕೊರೊನೈಕಿಯಂಥ ‘ಕಡಿಮೆ ಚಳಿ ಸಾಕು’ ಎನ್ನುವ ತಳಿಗಳಿಗೂ ನಮ್ಮ ಚಳಿ ಸಾಲದು. ರಾಜಸ್ಥಾನ ಸರ್ಕಾರ 2008ರ ಹೊತ್ತಿಗೆ ಇಸ್ರೇಲಿನ ತಂತ್ರಜ್ಞಾನ ತಂದು ಆಲಿವ್ ನೆಡಿಸಿತು, ಬಿಕಾನೇರ್ ಬಳಿಯ ಲೂಣಕರಣಸರದಲ್ಲಿ ಎಣ್ಣೆ ತೆಗೆಯುವ ಘಟಕವೂ ಬಂತು. ಅಲ್ಲಿ ಅದು ಸಾಧ್ಯವಾದದ್ದು ಮರುಭೂಮಿಯ ಚಳಿಗಾಲದ ರಾತ್ರಿಗಳಿಂದ. ಮಾಗಡಿಯಲ್ಲಿ ಅಂಥ ರಾತ್ರಿಗಳಿಲ್ಲ. ಅಕಸ್ಮಾತ್ ಕಾಯಿ ಬಂದರೂ ಕಿತ್ತ 24 ಗಂಟೆಯೊಳಗೆ ಗಾಣಕ್ಕೆ ಹೋಗಬೇಕು, ತಡವಾದರೆ ಎಣ್ಣೆ ಹುಳಿಯಾಗುತ್ತದೆ. ನಿಮ್ಮ ಹತ್ತಿರ ಆ ಗಾಣ ಎಲ್ಲಿದೆ?

ಇನ್ನೊಂದು ಎಚ್ಚರ. ನಮ್ಮ ಕಡೆ ‘ಆಲಿವ್’ ಹೆಸರಿನಲ್ಲಿ ಸಿಲೋನ್ ಆಲಿವ್ ಸಸಿಯನ್ನೂ ಮಾರುತ್ತಾರೆ. ಅದು ಬೇರೆಯೇ ಜಾತಿಯ ಮರ, ಉಪ್ಪಿನಕಾಯಿಗೆ ಆಗುವ ಹುಳಿ ಕಾಯಿ ಬಿಡುತ್ತದೆ, ಎಣ್ಣೆ ಬರುವುದಿಲ್ಲ. ಗುರುತಿಸುವುದು ಸುಲಭ. ನಿಜವಾದ ಆಲಿವ್ ಎಲೆ ಕಿರಿದು, ದಪ್ಪ, ಅಂಚು ನುಣುಪು. ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಅಡಿಭಾಗ ಬೆಳ್ಳಿ ಬಣ್ಣ. ಸಿಲೋನ್ ಆಲಿವ್ ಎಲೆ ಅಗಲ, ಅಂಚು ಗರಗಸದಂತೆ. ಒಂದೊಂದಾಗಿ ಬದಲಿಸಿ ಬರುತ್ತದೆ, ಉದುರುವ ಮುನ್ನ ಕೆಂಪಾಗುತ್ತದೆ. ಬೀಳಿಗೆ ಮಳೆಯಾಶ್ರಿತದಲ್ಲಿ ಏನಾದರೂ ಹಾಕಲೇಬೇಕೆಂದರೆ ಹುಣಸೆ, ನೇರಳೆ, ಸೀತಾಫಲ ಇವೆ. ಮೊದಲ ನಾಲ್ಕೈದು ವರ್ಷ ಸಾಲಿನ ನಡುವೆ ರಾಗಿ, ಅವರೆ, ತೊಗರಿ ಬೆಳೆದುಕೊಳ್ಳಬಹುದು.

ಹೀಗೆ ಸಸಿ ಬೇಡವಾದರೂ ಆಲಿವ್ ರೈತರು ಪಟ್ಟ ಪಾಡಿನಲ್ಲಿ ನಿಮಗೆ ಬೇಕಾದದ್ದು ಬಹಳವಿದೆ. ಮಾವಿನಂತೆ ಅದೂ ದೀರ್ಘಾಯುಷ್ಯದ ಮರ, ಒಂದು ವರ್ಷ ಬಿಟ್ಟು ಒಂದು ವರ್ಷ ಹೆಚ್ಚು ಕಾಯುವ ಮರ, ಬಹುಪಾಲು ಮಳೆಯನ್ನೇ ನಂಬಿದ ತೋಟ. ಪ್ರಪಂಚದ ಆಲಿವ್‌ನಲ್ಲಿ ಶೇ 90ಕ್ಕಿಂತ ಹೆಚ್ಚು ಮೆಡಿಟರೇನಿಯನ್ ಸಮುದ್ರದ ಸುತ್ತಲೇ ಬೆಳೆಯುತ್ತದೆ. ಹಾಗಾಗಿ ಅಲ್ಲಿ ಹವೆ ಕೆಟ್ಟರೆ ಪೆಟ್ಟು ಒಟ್ಟಿಗೇ ಬೀಳುತ್ತದೆ. ಸ್ಪೇನ್ 2021-22ರಲ್ಲಿ ಸುಮಾರು 14.9 ಲಕ್ಷ ಟನ್ ಆಲಿವ್ ಎಣ್ಣೆ ತೆಗೆದಿತ್ತು. ಮರುವರ್ಷ ಅದು ಸುಮಾರು 6.6 ಲಕ್ಷ ಟನ್ನಿಗೆ ಇಳಿಯಿತು. ಮಳೆ ಕೈಕೊಟ್ಟದ್ದು ಒಂದು ಕಾರಣ. ಹೂ ಬಿಡುವ ಹೊತ್ತಿನಲ್ಲೇ ಬಿಸಿಗಾಳಿ ಬೀಸಿ ಪರಾಗ ಒಣಗಿದ್ದು ಇನ್ನೊಂದು. ಅದರ ಮುಂದಿನ ವರ್ಷವೂ ಪೂರ್ತಿ ಚೇತರಿಸಿಕೊಳ್ಳಲಿಲ್ಲ. 2024ರ ಆರಂಭಕ್ಕೆ ಗಾಣದ ಬಾಗಿಲಲ್ಲೇ ಎಣ್ಣೆಯ ಬೆಲೆ ಕಿಲೋಗೆ 9 ಯೂರೊ ಆಸುಪಾಸಿಗೆ ಏರಿತು.

ಈಗ ನಿಮ್ಮ ಮುಖ್ಯ ಪ್ರಶ್ನೆ: ಆ ರೈತರು ಹವಾಮಾನ ಬದಲಾವಣೆಯನ್ನು ನಂಬುತ್ತಾರೆಯೇ? ‘ನಂಬಿಕೆ’ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಸಂಗತಿಗಳು ಅಡಗಿವೆ, ಅವನ್ನು ಬಿಡಿಸಿ ನೋಡಬೇಕು. ಹವೆ ಬದಲಾದದ್ದು ಕಣ್ಣಿಗೆ ಬಿದ್ದಿದೆಯೇ? ಅದಕ್ಕೆ ಮನುಷ್ಯರು ಕಾರಣ ಎಂದು ಒಪ್ಪುತ್ತಾರೆಯೇ? ಅದರಿಂದ ನನ್ನ ತೋಟಕ್ಕೆ ನಷ್ಟ ಎಂದು ಅನಿಸಿದೆಯೇ? ತಡೆಯಲು ನನ್ನ ಕೈಯಲ್ಲಿ ಏನಾದರೂ ಇದೆ ಅನ್ನಿಸುತ್ತದೆಯೇ? ಮೊದಲನೆಯದಕ್ಕೆ ಬಹುಪಾಲು ಆಲಿವ್ ಬೆಳೆಗಾರರು ಹೌದೆನ್ನುತ್ತಾರೆ. ಹೂವು ಮುಂಚೆ ಬರುತ್ತಿದೆ, ಶರತ್ಕಾಲದ ಮಳೆ ತಡವಾಗುತ್ತಿದೆ, ಬಂದಾಗ ಒಂದೇ ಸಲ ಸುರಿದು ಇಳಿಜಾರಿನ ಮಣ್ಣನ್ನು ಕೊಚ್ಚುತ್ತಿದೆ ಎಂದು ಅವರೇ ಹೇಳುತ್ತಾರೆ. ಎರಡನೆಯದರಲ್ಲಿ ಒಡಕಿದೆ. ಸ್ಪೇನಿನ ಹಿರಿಯರಿಗೆ 1991ರಿಂದ 1995ರವರೆಗಿನ ಘೋರ ಬರ ನೆನಪಿದೆ, ‘ಅದೂ ಬಂತು, ಹೋಯಿತು’ ಎನ್ನುವವರಿದ್ದಾರೆ. ಇಂಥವರನ್ನು ದಡ್ಡರೆನ್ನಬಾರದು. ಅವರು ತಾವು ಕಂಡದ್ದನ್ನು ಹೇಳುತ್ತಿದ್ದಾರೆ. ಎಲ್ಲಕ್ಕಿಂತ ದೊಡ್ಡ ತೊಡಕು ಇರುವುದು ನಾಲ್ಕನೆಯದರಲ್ಲಿ. ‘ಎಲ್ಲ ಗೊತ್ತು, ನಾನೊಬ್ಬ ಏನು ಮಾಡಲಿ?’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ನಿಮ್ಮ ಗುಂಪಿನವರು ಕಿವಿಗೊಡದಿರುವುದಕ್ಕೂ ಇದೇ ಕಾರಣ ಎಂದು ನನ್ನ ಅಂದಾಜು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸಾರಿದ್ದನ್ನೂ, ಅದರ ಹಿಂದಿನ ವರ್ಷವೇ ಮಳೆಗೆ ಬೆಂಗಳೂರಿನ ಬಡಾವಣೆಗಳು ಮುಳುಗಿದ್ದನ್ನೂ ಕಂಡವರಿಗೆ ಹವೆ ಕೆಟ್ಟಿದೆ ಎಂದು ಹೊಸದಾಗಿ ಹೇಳಬೇಕಿಲ್ಲ.

ತಿಳಿದೂ ಮಾಡದಿರುವುದಕ್ಕೆ ಆಲಿವ್ ಸೀಮೆಯಲ್ಲಿ ಕಂಡ ಕಾರಣಗಳನ್ನು ನೋಡಿ, ನಮ್ಮೂರಿನವೇ ಅನ್ನಿಸುತ್ತವೆ. ಒಂದು, ನೆರೆಯವರ ಕಣ್ಣು. ಮರಗಳ ನಡುವೆ ಒಂದೆಳೆ ಹುಲ್ಲಿಲ್ಲದಂತೆ ಉತ್ತು ಬೋಳು ಮಾಡಿದ ತೋಟವೇ ‘ಚೊಕ್ಕ’ ತೋಟ, ಹುಲ್ಲು ಬಿಟ್ಟವನು ಸೋಮಾರಿ ಎಂಬ ಎಣಿಕೆ ಸ್ಪೇನಿನ ಆಲಿವ್ ಸೀಮೆಯಾದ ಆಂಡಲೂಸಿಯಾದಲ್ಲಿ ತಲೆಮಾರುಗಳಿಂದ ಬಂದದ್ದು. ಮಾಗಡಿಯಲ್ಲೂ ‘ತೋಟ ಕಾಡು ಬಿದ್ದಿದೆ’ ಎಂಬ ಮಾತಿಗೆ ಹೆದರಿ ವರ್ಷಕ್ಕೆ ಎರಡು ಮೂರು ಸಲ ರೋಟವೇಟರ್ ಹೊಡೆಸುವವರು ಎಷ್ಟೋ ಮಂದಿ. ಎರಡು, ಹುಲ್ಲು ಮರದ ನೀರನ್ನು ಕುಡಿದುಬಿಡುತ್ತದೆ ಎಂಬ ಭಯ. ಇದು ಮೂಢನಂಬಿಕೆಯಲ್ಲ, ಹುಲ್ಲನ್ನು ಕೊಯ್ಯುವ ಹೊತ್ತು ತಪ್ಪಿದರೆ ಹಾಗೇ ಆಗುತ್ತದೆ. ಮೂರು, ಮೊದಲ ವರ್ಷದ ಖರ್ಚು ಕೈಯಿಂದ ಹೋಗುತ್ತದೆ, ಲಾಭ ಮೂರನೇ ವರ್ಷಕ್ಕೆ ಬರುತ್ತದೆ. ಮಕ್ಕಳು ಊರು ಬಿಟ್ಟಿರುವ ಅರವತ್ತು ದಾಟಿದ ರೈತ ಅಷ್ಟು ಕಾಯಲು ಮನಸ್ಸು ಮಾಡುವುದು ಕಷ್ಟ. ಯುರೋಪಿನ ಕೃಷಿ ನೀತಿ 2023ರಿಂದ ಈ ಕಡೆ ಸ್ವಲ್ಪ ನೆರವಾಗಿದೆ. ಮರಸಾಲಿನ ನಡುವೆ ಹಸಿರು ಹೊದಿಕೆ ಬಿಟ್ಟರೆ, ಇಲ್ಲವೇ ಸವರಿದ ರೆಂಬೆಯನ್ನು ಪುಡಿ ಮಾಡಿ ನೆಲಕ್ಕೆ ಹಾಸಿದರೆ ಹೆಕ್ಟೇರಿನ ಲೆಕ್ಕದಲ್ಲಿ ಹಣ ಕೊಡುತ್ತಾರೆ. ಹಣ ಬಂದ ಮೇಲೆ ಹುಲ್ಲು ಬಿಡುವುದಕ್ಕೆ ಒಂದು ಗೌರವವೂ ಬರುತ್ತದೆ, ಅದನ್ನು ಸಣ್ಣದೆಂದುಕೊಳ್ಳಬೇಡಿ.

ನಮ್ಮಲ್ಲಿ ಇದರ ಮೇಲೆ ಇನ್ನೊಂದು ಪದರವಿದೆ: ಗುತ್ತಿಗೆ. ಹೂವು ನೋಡಿಯೋ ಮಿಡಿ ನೋಡಿಯೋ ತೋಟವನ್ನು ಗುತ್ತಿಗೆದಾರರಿಗೆ ಕೊಟ್ಟಮೇಲೆ ಮಣ್ಣಿನ ಯೋಚನೆ ಯಾರದು? ಅವರಿಗೆ ಬೇಕಿರುವುದು ಆ ವರ್ಷದ ಫಸಲು. ಎರಡು ಮೂರು ವರ್ಷದ ಗುತ್ತಿಗೆಯಾದರೆ ಪ್ಯಾಕ್ಲೋಬ್ಯುಟ್ರಜಾಲ್ ಎಂಬ ರಾಸಾಯನಿಕ ಸುರಿದು ಬಲವಂತವಾಗಿ ಹೂ ಬರಿಸುವುದೂ ಉಂಟು. ನೀರಿಲ್ಲದ ತೋಟದಲ್ಲಿ ವರ್ಷ ವರ್ಷ ಹಾಗೆ ಮಾಡಿದರೆ ಮರ ಬಡವಾಗುತ್ತದೆ. ಇನ್ನು ಬೆಲೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿದಾಗ ನಮ್ಮ ಬೆಳೆಗಾರರು ಹಣ್ಣು ರಸ್ತೆಗೆ ಸುರಿಯಬೇಕಾಯಿತು. ಅಂಥ ವರ್ಷದಲ್ಲಿ ‘ಮಣ್ಣಿಗೆ ಹೊದಿಕೆ ಹಾಕಿ’ ಎಂದರೆ ಕೋಪ ಬರುವುದು ಸಹಜ. ಖರ್ಚಿಲ್ಲದ್ದನ್ನು, ಒಂದೇ ಹಂಗಾಮಿನಲ್ಲಿ ಫಲ ಕಾಣುವುದನ್ನು ಮೊದಲು ಹಿಡಿಯಿರಿ ಎನ್ನುವುದು ಇದಕ್ಕೇ.

ಮೊದಲು ಹಿಡಿಯಬೇಕಾದದ್ದು, ನನ್ನ ಎಣಿಕೆಯಲ್ಲಿ, ಹಣ್ಣಿನ ನೊಣ. ಆಲಿವ್‌ನ ಮುಖ್ಯ ಶತ್ರುವೂ ಮಾವಿನ ನೊಣದ ಕುಲದ್ದೇ. ಅಲ್ಲಿನವರು ಅನುಭವದಿಂದ ಕಲಿತದ್ದು ಏನೆಂದರೆ, ಒಬ್ಬನೇ ತನ್ನ ತೋಟದಲ್ಲಿ ಏನು ಮಾಡಿದರೂ ಪಕ್ಕದ ತೋಟದಿಂದ ನೊಣ ಹಾರಿ ಬರುತ್ತದೆ. ಊರಿಡೀ ಒಟ್ಟಿಗೆ ಮಾಡಿದರೆ ಮಾತ್ರ ಹತೋಟಿ. ಮಾವಿಗೆ ಮೀಥೈಲ್ ಯೂಜಿನಾಲ್ ಎಂಬ ಮದ್ದಿನ ವಾಸನೆಯಿಂದ ನೊಣವನ್ನು ಸೆಳೆಯುವ ಮೋಹಕ ಬಲೆಗಳಿವೆ. ಎಕರೆಗೆ ಐದಾರು ಬಲೆಯಂತೆ, ಕೊಯ್ಲಿಗೆ ಒಂದೂವರೆ ಎರಡು ತಿಂಗಳು ಮೊದಲೇ, ಆಳೆತ್ತರದಲ್ಲಿ ನೆರಳಿರುವ ರೆಂಬೆಗೆ ಕಟ್ಟಬೇಕು. ಮದ್ದಿನ ತುಂಡು ಒಣಗಿದ ಮೇಲೆ ಬಲೆ ಬರೀ ಡಬ್ಬಿ, ಆದ್ದರಿಂದ ಆಗಾಗ ನೋಡಿ ಬದಲಿಸಿ. ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಬಿದ್ದ ಹಣ್ಣನ್ನು ಹಾಗೇ ಬಿಟ್ಟರೆ ಅದರೊಳಗಿನ ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಏಳುತ್ತದೆ. ಎರಡು ದಿನಕ್ಕೊಮ್ಮೆ ಆರಿಸಿ 2 ಅಡಿಗಿಂತ ಆಳದ ಗುಂಡಿಯಲ್ಲಿ ಮುಚ್ಚಬೇಕು. ಬೇಸಿಗೆಯ ಮಳೆ ಬೇಗ ಬಂದ ವರ್ಷ ಇದರ ಕಾಟ ಹೆಚ್ಚು. 20 ಮಂದಿ ಒಂದೇ ವಾರದಲ್ಲಿ ಬಲೆ ಕಟ್ಟಿದರೆ ಹುಳುಕು ಹಣ್ಣು ಕಡಿಮೆಯಾದದ್ದು ಅದೇ ಜೂನ್‌ನಲ್ಲಿ ಮಂಡಿಯಲ್ಲಿ ಕಾಣುತ್ತದೆ. ಒಟ್ಟಿಗೆ ಮಾಡಿ ಗೆದ್ದವರು ಮುಂದಿನ ಮಾತಿಗೆ ತಾವಾಗಿಯೇ ಕೂರುತ್ತಾರೆ.

ಆಮೇಲೆ ಮಣ್ಣು. ಇಲ್ಲಿ ಸ್ವಲ್ಪ ನಿಧಾನಿಸೋಣ, ಯಾಕೆಂದರೆ ಆಲಿವ್ ಸೀಮೆಯ ಪದ್ಧತಿಯನ್ನು ಹಾಗೇ ನಕಲು ಮಾಡಿದರೆ ಕೆಡುವುದು ಇಲ್ಲೇ.

ಸ್ಪೇನ್, ಇಟಲಿಯಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ. ಅಲ್ಲಿ ಶರತ್ಕಾಲದ ಮಳೆಗೆ ಹುಲ್ಲು, ದ್ವಿದಳ ಬೆಳೆ ಎಬ್ಬಿಸಿ, ವಸಂತದಲ್ಲಿ ಆಲಿವ್ ನೀರು ಕೇಳುವ ಮೊದಲೇ, ಅಂದರೆ ಮಾರ್ಚ್-ಏಪ್ರಿಲ್ ಹೊತ್ತಿಗೆ, ಕೊಯ್ದು ನೆಲಕ್ಕೆ ಮಲಗಿಸುತ್ತಾರೆ. ಮೂರು ವಾರ ತಡಮಾಡಿದರೆ ಹುಲ್ಲು ಮರದ ಪಾಲನ್ನು ತಿಂದುಬಿಡುತ್ತದೆ. ನಮ್ಮ ಲೆಕ್ಕ ಬೇರೆ. ಬೆಂಗಳೂರು ಸುತ್ತ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ. ಮೇ ತಿಂಗಳಲ್ಲಿ ಒಂದು ಏರು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ದೊಡ್ಡ ಏರು. ಮಾವಿಗೆ ಅಕ್ಟೋಬರ್ ಕಳೆದ ಮೇಲೆ ನೆಲ ಒಣಗಬೇಕು. ಆ ಒಣಹವೆ ಮತ್ತು ರಾತ್ರಿಯ ತಂಪು ಸೇರಿ ಬಲಿತ ಚಿಗುರಿನ ತುದಿಯಲ್ಲಿ ಹೂವಿನ ಮೊಗ್ಗು ಕೂರುತ್ತದೆ. ನವೆಂಬರ್-ಡಿಸೆಂಬರ್‌ನಲ್ಲಿ ಮಳೆ ಹಿಡಿದು ನೆಲ ಹಸಿಯಾಗಿಯೇ ಉಳಿದರೆ ಹೂವಿನ ಬದಲು ತಾಮ್ರ ಬಣ್ಣದ ಎಳೆ ಚಿಗುರು ಬರುತ್ತದೆ. ನಿಮ್ಮ ತೋಟದಲ್ಲಿ ಹೊತ್ತು ತಪ್ಪುತ್ತಿರುವುದಕ್ಕೆ ಇದೇ ಮೊದಲ ಗುಮಾನಿ. ಈ ಡಿಸೆಂಬರ್‌ನಲ್ಲಿ ರೆಂಬೆ ತುದಿಗಳನ್ನು ಕೈಯಿಂದ ಹಿಡಿದು ನೋಡಿ, ಎಲೆ ದಪ್ಪನಾಗಿ ಗಾಢ ಹಸಿರಾಗಿದ್ದರೆ ಬಲಿತಿದೆ, ತಾಮ್ರ ಬಣ್ಣದಲ್ಲಿ ಜೋತುಬಿದ್ದಿದ್ದರೆ ಆ ತುದಿಯಲ್ಲಿ ಆ ಜನವರಿಯ ಹೂವಿನ ಆಸೆ ಬಿಡಿ.

ಹೀಗಿರುವುದರಿಂದ ನಮಗೆ ಹೊಂದುವ ಹೊದಿಕೆ ಬೆಳೆ ಹುರುಳಿ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದೊಳಗೆ ಎಕರೆಗೆ 10ರಿಂದ 12 ಕಿಲೋ ಬೀಜ ಎರಚಿ, ಒಂದು ಸಲ ಹಗುರಾಗಿ ಕುಂಟೆ ಹೊಡೆದರೆ ಸಾಕು. ಹಿಂಗಾರಿನ ಬಿರುಸು ಮಳೆಗೆ ನೆಲ ಮುಚ್ಚಿರುತ್ತದೆ, ಮಣ್ಣು ಕೊಚ್ಚಿಹೋಗುವುದಿಲ್ಲ. ಅಕ್ಟೋಬರ್ ಆದಮೇಲೆ ನೆಲದಲ್ಲಿ ಉಳಿದ ತೇವವನ್ನು ಅದು ಎಳೆದುಕೊಳ್ಳುತ್ತದೆ, ಮಾವಿಗೆ ಬೇಕಾದ ಒಣಗುವಿಕೆಗೆ ಅದೂ ಒಂದು ಕೈ ಸೇರಿಸುತ್ತದೆ. ಆಲಿವ್ ರೈತನಿಗೆ ಭಯವಾದದ್ದು ಇಲ್ಲಿ ನಮಗೆ ಅನುಕೂಲ. ಕಾಳು ಬೇಕೆಂದರೆ ಕಾಳು ಬಿಡಿಸಿಕೊಂಡು ಹೊಟ್ಟನ್ನು ಪಾತಿಗೆ ಹಾಕಿ. ಮಣ್ಣಿಗೆ ಬಲ ಬೇಕೆಂದರೆ ಹೂ ಬಿಟ್ಟಾಗಲೇ ಬುಡಕ್ಕೆ ಕೊಯ್ದು ಅಲ್ಲೇ ಮಲಗಿಸಿ, ಬೇರು ಕೀಳಬೇಡಿ. ಮುಂಗಾರಿನಲ್ಲಿ ಹಾಕುವುದಾದರೆ ಜೂನ್‌ನಲ್ಲಿ ಅಲಸಂದೆ ಅಥವಾ ಅಪ್ಪಸೆಣಬು. ಅಪ್ಪಸೆಣಬನ್ನು 45-50 ದಿನಕ್ಕೆ, ಹೂ ಮೊಗ್ಗು ಕಾಣುವ ಹೊತ್ತಿಗೆ ಮಡಿಸಬೇಕು. ಅದು ದಾಟಿದರೆ ಕಾಂಡ ನಾರಾಗಿ ಕೊಳೆಯುವುದೇ ಇಲ್ಲ. ಮರದ ಬುಡದ ಸುತ್ತ 4 ಅಡಿ ಬಿಟ್ಟೇ ಬಿತ್ತಿ.

ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು: ಬೆಂಕಿ. ಫೆಬ್ರುವರಿ-ಮಾರ್ಚ್‌ನಲ್ಲಿ ಒಣಗಿದ ಹುಲ್ಲಿಗೆ ಯಾರೋ ಎಸೆದ ಬೀಡಿ ಸಾಕು. ತೋಟದ ಸುತ್ತ, ಅದರಲ್ಲೂ ರಸ್ತೆ ಬದಿಗೆ, 10 ಅಡಿ ಅಗಲದ ಪಟ್ಟಿಯನ್ನು ಜನವರಿಯೊಳಗೆ ಉತ್ತು ಬೋಳು ಮಾಡಿ. ಇಷ್ಟು ಉಳುಮೆ ಇರಲೇಬೇಕು.

ಸವರಿದ ರೆಂಬೆ, ಉದುರಿದೆಲೆಗೆ ಬೆಂಕಿ ಹಚ್ಚುವುದನ್ನು ನಿಲ್ಲಿಸಿ. ಆಲಿವ್ ತೋಟಗಳಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರದಿಂದ ರೆಂಬೆಯನ್ನು ಅಲ್ಲೇ ಪುಡಿ ಮಾಡಿ ಹಾಸುತ್ತಾರೆ. ನಿಮ್ಮ ಗುಂಪಿನಲ್ಲಿ ಎರಡು ದಿನಕ್ಕೆ ಒಂದು ಬಾಡಿಗೆ ಯಂತ್ರ ತರಿಸಿದರೆ ಹಲವರ ಕೆಲಸ ಆಗುತ್ತದೆ. ಬೆರಳಿಗಿಂತ ದಪ್ಪದ ರೆಂಬೆ ಸೌದೆಗೆ, ಉಳಿದದ್ದು ನೆಲಕ್ಕೆ. ಹೊದಿಕೆ 4 ಇಂಚು ದಪ್ಪ ಇರಬೇಕು, ಕಾಂಡದಿಂದ 1 ಅಡಿ ದೂರ. ಬುಡದಿಂದ 2 ಮೀಟರ್ ದೂರದವರೆಗೆ ಸುತ್ತಲೂ ಹಾಕುವುದಾದರೆ ಒಂದು ಮರಕ್ಕೆ ಸುಮಾರು 1.2 ಘನ ಮೀಟರ್ ಸೊಪ್ಪುಸದೆ ಬೇಕಾಗುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಒಂದೊಂದು ಬುಟ್ಟಿ ಎರಚಿ ‘ಹೊದಿಕೆಯಿಂದ ಏನೂ ಉಪಯೋಗವಿಲ್ಲ’ ಎನ್ನುವವರೇ ಹೆಚ್ಚು. ರಾಗಿ ಹುಲ್ಲನ್ನು ಇದಕ್ಕೆ ಹಾಕಿ ಎಂದು ಹೇಳುವುದಿಲ್ಲ, ಅದು ದನದ ಬಾಯಿಗೆ ಹೋಗಬೇಕಾದದ್ದು. ತೆಂಗಿನ ಗರಿ, ಅಡಿಕೆ ಸಿಪ್ಪೆ, ಮಾವಿನೆಲೆ ಸಾಕು. ಎಲ್ಲ ಮರಕ್ಕೂ ಸಾಲದಿದ್ದರೆ ಕೆಲವು ಮರಕ್ಕೇ ಪೂರ್ತಿ ಹಾಕಿ. ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲು ಬರುತ್ತದೆ. ಅದು ಒಣ ಸದೆ ತಿನ್ನುವವರೆಗೆ ತೊಂದರೆಯಿಲ್ಲ, ಕಾಂಡದ ಮೇಲೆ ಮಣ್ಣಿನ ಹಾದಿ ಕಟ್ಟಿದರೆ ಅದನ್ನು ಕೆರೆದು ತೆಗೆದು, ಸದೆಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿ. ಮೊಗ್ಗು ಕೂರುವ ತಿಂಗಳುಗಳಲ್ಲಿ ನೆಲ ಒಣಗಬೇಕಲ್ಲ, ಆದ್ದರಿಂದ ಹೊಸ ಹೊದಿಕೆಯನ್ನು ಹೂ ಗೊಂಚಲು ಪೂರ್ತಿ ಹೊರಟ ಮೇಲೆ, ಜನವರಿ-ಫೆಬ್ರುವರಿಯಲ್ಲಿ ಹಾಕುವುದು ಸರಿ.

ನೀರಿನಲ್ಲಿ ಆಲಿವ್ ರೈತರು ಎರಡು ದಾರಿ ಹಿಡಿದರು. ಕೈಯಲ್ಲಿ ಹಣವಿದ್ದವರು ಕೊಳವೆಬಾವಿ ಕೊರೆದು, ಹೆಕ್ಟೇರಿಗೆ 1,500ರಿಂದ 2,000 ಗಿಡಗಳ ಬೇಲಿಯಂಥ ದಟ್ಟ ತೋಟ ಮಾಡಿದರು. ಇಳುವರಿ ಬೇಗ ಬರುತ್ತದೆ, ನೀರು ನಿಂತ ವರ್ಷ ಎಲ್ಲವೂ ನಿಲ್ಲುತ್ತದೆ. ಇನ್ನೊಂದು ದಾರಿ ಟ್ಯುನೀಷಿಯಾದ್ದು, ಅದನ್ನು ನೆನೆದರೆ ನನಗೆ ಈಗಲೂ ಬೆರಗು. ಸ್ಫಾಕ್ಸ್ ಎಂಬಲ್ಲಿ ವರ್ಷಕ್ಕೆ 200 ಮಿ.ಮೀ. ಆಸುಪಾಸು ಮಳೆ. ಅಲ್ಲಿ ಮರದಿಂದ ಮರಕ್ಕೆ 24 ಮೀಟರ್ ಬಿಟ್ಟು ಹೆಕ್ಟೇರಿಗೆ ಬರೀ 17 ಮರ ನೆಟ್ಟು, ಒಂದೊಂದು ಮರಕ್ಕೂ ಅಷ್ಟಗಲದ ನೆಲದ ಮಳೆ ಸಿಗುವಂತೆ ಮಾಡಿದ್ದಾರೆ. ಮತ್ಮಾತ ಬೆಟ್ಟಗಳಲ್ಲಿ ಕಣಿವೆಗೆ ಅಡ್ಡಲಾಗಿ ಮಣ್ಣು-ಕಲ್ಲಿನ ಒಡ್ಡು ಕಟ್ಟಿ, ಅದರ ಹಿಂದೆ ನಿಂತ ಹೂಳಿನಲ್ಲಿ ಆಲಿವ್ ಬೆಳೆಯುತ್ತಾರೆ. ಇದಕ್ಕೆ ಜಸ್ಸೂರ್ ಎನ್ನುತ್ತಾರೆ. ಒಡ್ಡಿನ ಒಂದು ಬದಿಯಲ್ಲಿ ಹೆಚ್ಚಿನ ನೀರು ಹೊರಬೀಳಲು ಕಲ್ಲು ಕಟ್ಟಿದ ಕೋಡಿ ಇರುತ್ತದೆ. ನಮ್ಮ ಕೆರೆ-ಕೋಡಿಯ ಲೆಕ್ಕವೇ, ಗಾತ್ರ ಸಣ್ಣದು. ನಮ್ಮ ಮಳೆ ಅದರ ನಾಲ್ಕೈದು ಪಟ್ಟು, ಆದರೂ ಮಾರ್ಚ್‌ಗೆ ತೋಟ ಬಾಯಾರುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಎಕರೆಗೆ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್. 50 ಮಿ.ಮೀ.ನ ಒಂದು ಜಡಿಮಳೆಯಲ್ಲಿ ಐದನೇ ಒಂದು ಭಾಗ ಹರಿದುಹೋದರೂ ಎಕರೆಗೆ 40,000 ಲೀಟರ್, ನಿಮ್ಮ 4 ಎಕರೆಯಿಂದ 1.6 ಲಕ್ಷ ಲೀಟರ್ ಬದು ದಾಟಿತು. ಇಳಿಜಾರಿಗೆ ಅಡ್ಡಲಾಗಿ, ಮರದ ನೆರಳಿನ ಅಂಚಿನಿಂದ ಆಚೆಗೆ, 2 ಅಡಿ ಅಗಲ, ಒಂದೂವರೆ ಅಡಿ ಆಳ, 10-12 ಅಡಿ ಉದ್ದದ ಕಂದಕಗಳನ್ನು ಒಂದರ ಹಿಂದೆ ಒಂದು ಬಾರದಂತೆ ತಪ್ಪಿಸಿ ತೋಡಿಸಿ. ತೆಗೆದ ಮಣ್ಣು ಕೆಳಬದಿಗೆ. ಉದ್ದ ಕಂದಕ ತೋಡಿ ತುದಿ ತಗ್ಗಾದರೆ ನೀರೆಲ್ಲ ಅಲ್ಲಿಗೆ ನುಗ್ಗಿ ಬದು ಒಡೆಯುತ್ತದೆ, ತುಂಡು ತುಂಡು ಮಾಡುವುದು ಇದಕ್ಕೇ. ಕೊನೆಯ ತಗ್ಗಿಗೆ ಕೃಷಿ ಹೊಂಡ. ರಾಜ್ಯದ ಕೃಷಿ ಭಾಗ್ಯ ಯೋಜನೆಯಲ್ಲಿ ಇದಕ್ಕೆ ನೆರವು ಸಿಗುವುದುಂಟು, ಈ ಸಾಲಿನಲ್ಲಿ ಏನು ಲಭ್ಯ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಡ್ರಿಪ್ ಇದ್ದರೆ ನೀರು ಯಾವಾಗ ಕೊಡಬೇಕು ಎಂಬುದು ಎಷ್ಟು ಕೊಡಬೇಕು ಎಂಬುದಕ್ಕಿಂತ ಮುಖ್ಯ. ಆಲಿವ್‌ನಲ್ಲಿ ಓಟೆ ಗಟ್ಟಿಯಾಗುವ ಜುಲೈ-ಆಗಸ್ಟ್‌ನಲ್ಲಿ ಮರ ನೀರಿನ ಕೊರತೆ ತಾಳುತ್ತದೆ. ಆಗ ಉಳಿಸಿದ ನೀರನ್ನು ಹೂವಿನ ಮುಂಚೆ ಮತ್ತು ಎಣ್ಣೆ ತುಂಬುವ ಹೊತ್ತಿಗೆ ಕೊಡುತ್ತಾರೆ. ಮಾವಿನಲ್ಲಿ ಅಕ್ಟೋಬರ್‌ನಿಂದ ಹೂ ಬಿಡುವವರೆಗೆ ನೀರು ಪೂರ್ತಿ ಬಂದ್. ಮಿಡಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಶುರು, ಕೊಯ್ಲಿಗೆ 15-20 ದಿನ ಮೊದಲು ನಿಲ್ಲಿಸಬೇಕು. ಅಳತೆ ಹೀಗೆ: ಮರದ ನೆರಳಿನ ಅಗಲ 5 ಮೀಟರ್ ಇದ್ದರೆ ನೆರಳಿನ ಹರವು ಸುಮಾರು 20 ಚದರ ಮೀಟರ್. ಮಾರ್ಚ್-ಏಪ್ರಿಲ್‌ನಲ್ಲಿ ದಿನಕ್ಕೆ 6 ಮಿ.ಮೀ. ಆವಿಯಾಗುತ್ತದೆ ಎಂದುಕೊಂಡು, ಅದರಲ್ಲಿ 0.6 ಪಾಲು ಮರಕ್ಕೆ ಎಂದು ಹಿಡಿದರೆ 20 × 6 × 0.6, ಅಂದರೆ 72 ಲೀಟರ್. ಗಂಟೆಗೆ 8 ಲೀಟರ್ ಬಿಡುವ 4 ಡ್ರಿಪ್ಪರ್ ಇದ್ದರೆ ಎರಡೂಕಾಲು ಗಂಟೆ. ಡ್ರಿಪ್ಪರ್‌ಗಳನ್ನು ಕಾಂಡದ ಬುಡದಲ್ಲಿ ಕಟ್ಟಬೇಡಿ, ನೀರು ಹೀರುವ ಬೇರು ನೆರಳಿನ ಅಂಚಿನ ಕಡೆಗಿರುತ್ತದೆ. ನೀರು ಅರ್ಧವೇ ಇದ್ದರೆ ಎಲ್ಲಕ್ಕೂ ಅರೆಬರೆ ಕೊಡುವ ಬದಲು, ಬಾದಾಮಿ ಮರಗಳಿಗೆ ಪೂರ್ತಿ ಕೊಟ್ಟು ತೋತಾಪುರಿಯನ್ನು ಅದರ ಗಟ್ಟಿತನಕ್ಕೆ ಬಿಡಿ.

ಬಿಸಿಲಿಗೆ ಹಣ್ಣಿನ ಭುಜ ಸುಡುತ್ತಿದ್ದರೆ ಕಯೋಲಿನ್ ಬಿಳಿ ಜೇಡಿ ಪುಡಿಯನ್ನು ಲೀಟರಿಗೆ 30ರಿಂದ 50 ಗ್ರಾಂ ಕಲಸಿ, ಅಂಟು ದ್ರಾವಣ ಸೇರಿಸಿ ಸಿಂಪಡಿಸುವುದುಂಟು. ಆಲಿವ್‌ಗೆ ಬಿಸಿಲಿಗೂ ನೊಣಕ್ಕೂ ಇದನ್ನು ಬಳಸುತ್ತಾರೆ. ಮಳೆ ಬಂದರೆ ತೊಳೆದುಹೋಗುತ್ತದೆ, ಕೊಯ್ದ ಮೇಲೆ ಹಣ್ಣು ತೊಳೆಯಬೇಕು. ಮೊದಲು ನಾಲ್ಕು ಮರಕ್ಕೆ ಹೊಡೆದು ನೋಡಿ.

ತಳಿಯ ವಿಷಯದಲ್ಲಿ ಇಟಲಿಯ ಪುಲಿಯಾದ್ದು ಮರೆಯಬಾರದ ಸಂಗತಿ. 2013ರಲ್ಲಿ ಅಲ್ಲಿ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ನೊರೆ ಕಟ್ಟುವ ಒಂದು ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ದು ಲಕ್ಷಗಟ್ಟಲೆ ಮರ ಒಣಗಿದವು. ಸೀಮೆಗೆ ಸೀಮೆಯೇ ಎರಡು ಹಳೆಯ ತಳಿಗಳನ್ನೇ ನಂಬಿದ್ದರಿಂದ ತಡೆಯೇ ಇರಲಿಲ್ಲ. ಲೆಚ್ಚಿನೊದಂಥ ಕೆಲವೇ ತಳಿಗಳು ತಡೆದುಕೊಂಡವು. ಸೋಂಕಿತ ಮರ ಕಡಿಯಲು ಬಂದ ಅಧಿಕಾರಿಗಳನ್ನು ಊರವರು ಅಡ್ಡಗಟ್ಟಿದರು. ಅಜ್ಜ ಮುತ್ತಜ್ಜರ ಮರ, ಹೇಗೆ ಕಡಿಯಲು ಬಿಟ್ಟಾರು? ಜನರೊಂದಿಗೆ ಮೊದಲೇ ಕೂತು ಮಾತಾಡದೆ ಮೇಲಿನಿಂದ ಆದೇಶ ಬಂದರೆ ಸರಿಯಾದ ಸಲಹೆಯೂ ಸೋಲುತ್ತದೆ. ನಿಮ್ಮ ಹಳೆಯ ಮರಗಳಲ್ಲಿ ಕೆಲವಕ್ಕೆ ಮಲ್ಲಿಕಾ, ರಸಪುರಿ, ನೀಲಂ ಕಸಿ ಕಟ್ಟಿಸಿ ಹೂ ಬರುವ ಹೊತ್ತನ್ನು ಹರಡಿಕೊಳ್ಳಿ. ಒಂದೇ ಅಕಾಲಿಕ ಮಳೆಗೆ ಎಲ್ಲ ಹೂವೂ ಸಿಗಬಾರದು.

ಗುಂಪಿನಲ್ಲಿ ಮಾತು ಎತ್ತುವಾಗ ‘ಹವಾಮಾನ ಬದಲಾವಣೆ’ ಎಂಬ ಮಾತಿನಿಂದ ಶುರು ಮಾಡಬೇಡಿ. ‘ಈ ಸಲ ಮೊದಲ ಹೂವು ಯಾವ ವಾರ ಕಂಡಿರಿ, ಹತ್ತು ವರ್ಷದ ಹಿಂದೆ ಯಾವಾಗ?’ ಎಂದು ಕೇಳಿ. ಆಮೇಲೆ, ಒಣ ಎಲೆ ಬಿದ್ದ ಮರದಡಿಯಲ್ಲಿ ಒಂದು, ರೋಟವೇಟರ್ ಹೊಡೆದ ಸಾಲಿನಲ್ಲಿ ಒಂದು, 6 ಇಂಚಿನ ಪಿವಿಸಿ ಕೇಸಿಂಗ್ ಪೈಪಿನ ಗೇಣುದ್ದ ತುಂಡನ್ನು 2 ಇಂಚು ನೆಲಕ್ಕೆ ಇಳಿಸಿ. ಎರಡಕ್ಕೂ 1 ಲೀಟರ್ ನೀರು ಹಾಕಿ. ಅದು ಸುಮಾರು 55 ಮಿ.ಮೀ. ಮಳೆಗೆ ಸಮ. ಒಣ ನೆಲ ಮೊದಲ ಲೀಟರನ್ನು ಬೇಗ ಕುಡಿಯುತ್ತದೆ, ಆದ್ದರಿಂದ ಇಂಗಿದ ಮೇಲೆ ಎರಡನೇ ಲೀಟರ್ ಹಾಕಿ, ಗಡಿಯಾರ ಹಿಡಿದು ನೋಡಿ. ಎಷ್ಟು ನಿಮಿಷ ಎಂದು ಎಲ್ಲರೂ ಒಟ್ಟಿಗೆ ನಿಂತು ಎಣಿಸಲಿ. ಮೇಲ್ಪದರ ಹೆಪ್ಪುಗಟ್ಟಿದ ಸಾಲಿನಲ್ಲಿ ನೀರು ನಿಂತೇ ಇರುವುದನ್ನು ಕಣ್ಣಾರೆ ಕಂಡವರಿಗೆ ಭಾಷಣ ಬೇಕಿಲ್ಲ. ಮಳೆಯ ಲೆಕ್ಕಕ್ಕೆ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಮಾಹಿತಿ ‘ವರುಣ ಮಿತ್ರ’ ಸಹಾಯವಾಣಿಯಲ್ಲಿ ಸಿಗುತ್ತದೆ. ಮಣ್ಣು ಪರೀಕ್ಷೆಗೂ ಕಸಿಗೂ ನಿಮ್ಮ ತಾಲ್ಲೂಕಿನ ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರವಿದೆ. ಲಘು ಪೋಷಕಾಂಶದ ‘ಮ್ಯಾಂಗೋ ಸ್ಪೆಷಲ್’ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು.

ಇಡೀ ತೋಟವನ್ನು ಒಮ್ಮೆಗೇ ಬದಲಿಸಬೇಡಿ. ಒಂದೇ ತಳಿಯ, ಒಂದೇ ವಯಸ್ಸಿನ 10 ಮರಗಳ ಸಾಲಿಗೆ ಹುರುಳಿ, ಹೊದಿಕೆ, ಕಂದಕ ಮಾಡಿ, ಪಕ್ಕದ 10 ಮರಗಳ ಸಾಲನ್ನು ಹಳೆಯಂತೆ ಬಿಡಿ. ಮೊದಲ ಹೂವಿನ ದಿನ, ಉದುರಿದ ಮಿಡಿ, ಕೊಯ್ದ ಕ್ರೇಟು, ಖರ್ಚು, ಈ ನಾಲ್ಕನ್ನು ಒಂದು ನೋಟ್‌ಬುಕ್ಕಿನಲ್ಲಿ ಮೂರು ಹಂಗಾಮು ಬರೆಯಿರಿ, ಏಕೆಂದರೆ ಮಾವು ವರ್ಷ ಬಿಟ್ಟು ವರ್ಷ ಕಾಯುವುದರಿಂದ ಒಂದು ವರ್ಷದ ಅಂಕಿ ದಾರಿ ತಪ್ಪಿಸುತ್ತದೆ. ತೋಟ ಗುತ್ತಿಗೆಗೆ ಕೊಡುವುದಾದರೆ ಈ 20 ಮರಗಳನ್ನು ಹೊರಗಿಟ್ಟೇ ಕೊಡಿ. ಉಳಿದ ಮರಗಳಿಗೆ ಹೂ ಬರಿಸುವ ರಾಸಾಯನಿಕ ಸುರಿಯಬಾರದು, ಸೊಪ್ಪುಸದೆ ಸುಡಬಾರದು, ಬಿದ್ದ ಹಣ್ಣು ಆರಿಸಬೇಕು ಎಂಬ ಮೂರು ಸಾಲನ್ನು ಕರಾರು ಪತ್ರದಲ್ಲಿ ಬರೆಸಿಕೊಂಡೇ ಮುಂಗಡ ತೆಗೆದುಕೊಳ್ಳಿ.